ಕೆ-2 ಮೀಟರ್: ಕೆಂಪು ದೀಪ ಹತ್ತಿದರೆ ಮೊದಲು ಟಿಸಿ (ಟ್ರಾನ್ಸ್‌ಫಾರ್ಮರ್) ಎಲ್ಲಿದೆ ನೋಡಿ

ಆನ್‌ಲೈನ್‌ನಲ್ಲಿ ‘ಘೋಸ್ಟ್-ಯುಎಫ್‌ಓ ಡಿಟೆಕ್ಟರ್’ (ದೆವ್ವ, ಗುರುತು ಸಿಗದ ಹಾರುವ ವಸ್ತು ಪತ್ತೆ ಹಚ್ಚುವ ಸಾಧನ) ಎಂದು ಮಾರುವ ಕೆ-2 ಮಾದರಿಯ ಮೀಟರ್ ಅಸಲಿಗೆ ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ತಂತಿ ಸುರುಳಿ, 9 ವೋಲ್ಟ್ ಬ್ಯಾಟರಿ. ಮೇಲೆ ಐದು ದೀಪ. ಮೊದಲ ಹಸಿರು ಮಾತ್ರ ಉರಿದರೆ ಕಾಂತಕ್ಷೇತ್ರ 1.5 ಮಿಲಿಗಾಸ್‌ಗಿಂತ ಕಡಿಮೆ, ಎರಡನೆಯದಕ್ಕೆ 2.5ರವರೆಗೆ, ಹಳದಿಗೆ 10, ಕಿತ್ತಳೆಗೆ 20, ಅದರಾಚೆ ಕೆಂಪು. ಕರೆಂಟ್ ಹರಿಯುವಲ್ಲಿ ಹುಟ್ಟುವ ಕಾಂತಕ್ಷೇತ್ರ ಹುಡುಕುವ ಸಾಧನ ಇದು. ದೆವ್ವ, ಅನ್ಯಗ್ರಹದವರು ಆಮೇಲೆ ಬಂದು ಪೆಟ್ಟಿಗೆ ಮೇಲೆ ಕೂತರು.

ಹಾಗಂತ ದೆವ್ವಕ್ಕೂ ಅನ್ಯಗ್ರಹದವರಿಗೂ ಇರುವ ನಂಟು ಅಂಗಡಿಯವರೇ ಹೊಸೆದದ್ದಲ್ಲ. ಯುಎಫ್‌ಓ ವರದಿಗಳನ್ನು ಪರಿಶೀಲಿಸುತ್ತಿದ್ದ ಅಮೆರಿಕ ವಾಯುಪಡೆಯ ಬ್ಲೂ ಬುಕ್ ಯೋಜನೆ 1969ರಲ್ಲಿ ಮುಚ್ಚಿದಾಗ 12,618 ವರದಿಗಳಲ್ಲಿ 701 ಬಿಡಿಸಲಾಗದೆ ಉಳಿದವು. ಯೋಜನೆಯ ಖಗೋಳ ಸಲಹೆಗಾರ ಅಲನ್ ಹೈನೆಕ್, ಅವರ ಜೊತೆಗಾರ ಜಾಕ್ ವ್ಯಾಲೆ ‘ಬೇರೆ ಗ್ರಹದ ನೌಕೆ’ ಎಂಬ ಒಂದೇ ಊಹೆಗೆ ಅಂಟಿಕೊಳ್ಳದೆ ಅತೀಂದ್ರಿಯ ಅನುಭವಗಳ ಕಡೆಗೂ ತಿರುಗಿದರು. ಕೆನಡಾದ ನರವಿಜ್ಞಾನಿ ಮೈಕಲ್ ಪರ್ಸಿಂಜರ್ ಪ್ರಕಾರ, ಕಾಂತಕ್ಷೇತ್ರ ಮಿದುಳನ್ನು ಕೆಣಕಿದರೆ ‘ಪಕ್ಕದಲ್ಲಿ ಯಾರೋ ಇದ್ದಾರೆ’ ಅನ್ನಿಸುತ್ತದೆ. ಇದನ್ನು ಪರೀಕ್ಷಿಸಲು ಆತ ಜನರ ತಲೆಗೆ ತೊಡಿಸುತ್ತಿದ್ದ ಕಾಂತ ಸುರುಳಿಯ ಹೆಲ್ಮೆಟ್ಟಿನ ಕ್ಷೇತ್ರ ಸುಮಾರು 10 ಮಿಲಿಗಾಸ್, ಸರಿಯಾಗಿ ಈ ಮೀಟರಿನ ಹಳದಿ-ಕಿತ್ತಳೆ ಗಡಿ. ಆದರೆ 2005ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗದಲ್ಲಿ, ಹೆಲ್ಮೆಟ್ ಚಾಲೂ ಇದೆಯೋ ಇಲ್ಲವೋ ಎಂಬುದನ್ನು ತೊಟ್ಟವರಿಂದಲೂ ಪ್ರಯೋಗ ನಡೆಸಿದವರಿಂದಲೂ ಮುಚ್ಚಿಟ್ಟಾಗ ಆ ಪರಿಣಾಮವೇ ಕಾಣಲಿಲ್ಲ. ಅನುಭವ ಆದವರು ಹೆಚ್ಚಾಗಿ ಸೂಚನೆಗೆ ಬೇಗ ಒಳಗಾಗುವವರು.

ಈಗ ನಮ್ಮ ಕಡೆಯ ಹೊಲಕ್ಕೆ ಬನ್ನಿ. ರಾತ್ರಿ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ಬಿಟ್ಟೊಡನೆ ಲೈನಿನಲ್ಲಿ ಕರೆಂಟ್ ಏರುತ್ತದೆ. ಅಲ್ಲಿಯತನಕ ಹಸಿರಿನಲ್ಲಿದ್ದ ಮೀಟರ್ ತೊಗರಿ ಹೊಲದ ನಡುವೆ ಹಠಾತ್ತನೆ ಹಳದಿಗೆ ಜಿಗಿಯಬಹುದು. ಟಿಸಿ ಕಂಬದ ಬುಡದಲ್ಲಿ, ಸ್ಟಾರ್ಟರ್ ಡಬ್ಬಿಯ ಪಕ್ಕದಲ್ಲಿ ಕೆಂಪು ಹತ್ತಿದರೆ ಆಶ್ಚರ್ಯವಿಲ್ಲ. ಮನೆಯಲ್ಲಿ ಇನ್ವರ್ಟರ್ ಇನ್ನೂ ದೊಡ್ಡ ಮೋಸಗಾರ. ಕರೆಂಟ್ ಹೋಗಿ ಕತ್ತಲಾದ ಕ್ಷಣಕ್ಕೇ ಅದರ ಟ್ರಾನ್ಸ್‌ಫಾರ್ಮರ್ ಎಚ್ಚರಾಗುತ್ತದೆ, ದೀಪವೂ ಅದೇ ಕ್ಷಣಕ್ಕೆ ಏರುತ್ತದೆ. ನೋಡುವವರಿಗೆ ಬೆವರು! ಮೊಬೈಲ್ ಕರೆ ಬಂದರೂ ದೀಪ ಕುಣಿಯಬಹುದು, ಆದ್ದರಿಂದ ಗುಂಪಿನಲ್ಲಿ ಎಲ್ಲರ ಫೋನೂ ಏರೋಪ್ಲೇನ್ ಮೋಡ್‌ಗೆ ಹೋಗಲಿ. ಕೆಂಪೆಂದರೆ ಅಪಾಯವೆಂದೂ ಹೆದರಬೇಕಿಲ್ಲ: ಸಾರ್ವಜನಿಕರಿಗೆ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಿತಿ 50 ಹರ್ಟ್ಸ್‌ಗೆ 2,000 ಮಿಲಿಗಾಸ್.

ಕೊರತೆಗಳು ಮೂರು. ಹಳೆ ಮಾದರಿಯಲ್ಲಿ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಚಾಲೂ. ಗುಂಡಿ ಒತ್ತಿಯೇ ಇರಲೆಂದು ಸಂದಿಗೆ ನಾಣ್ಯ ಸಿಕ್ಕಿಸಿದರೆ ಸಂಪರ್ಕ ಸಡಿಲವಾಗಿ ದೀಪಗಳು ತಾವೇ ಮಿಣಮಿಣ ಅನ್ನುತ್ತವೆ. ಹಾಗಾಗಿ ಆನ್-ಆಫ್ ಸ್ವಿಚ್ ಇರುವುದನ್ನೇ ತಗೊಳ್ಳಿ. ಸುರುಳಿ ಒಂದೇ ದಿಕ್ಕಿನದು. ಕೈ ತಿರುಗಿದರೆ ಓದು ಬದಲಾಗುತ್ತದೆ, ಅದಕ್ಕೇ ಮೀಟರನ್ನು ಕಲ್ಲಿನ ಮೇಲಿಟ್ಟು ದೂರ ಸರಿಯಿರಿ. ಮೂರನೆಯದು ಯುಎಫ್‌ಓ ಹುಡುಕುವವರ ಆಸೆಗೇ ಕಲ್ಲು ಹಾಕುತ್ತದೆ. ಇದು ಏರಿಳಿಯುವ ಕ್ಷೇತ್ರವನ್ನಷ್ಟೇ ಕಾಣುತ್ತದೆ. ಇಲ್ಲಿನ ಭೂಕಾಂತ ಕ್ಷೇತ್ರವೇ 400 ಮಿಲಿಗಾಸ್ ಆಸುಪಾಸು ಇದೆ, ಆದರೂ ದೀಪ ಅಲ್ಲಾಡುವುದಿಲ್ಲ. ಸ್ಥಿರ ಕ್ಷೇತ್ರಕ್ಕೆ ಸಾದಾ ದಿಕ್ಸೂಚಿಯೇ ವಾಸಿ.

‘ಯಾರಾರ ಇದ್ದೀರೇನ್ರಿ?’ ಅಂತ ಕೇಳಿಯೇ ತೀರಬೇಕೆಂದಿದ್ದರೆ ಹೀಗೆ ಮಾಡಿ. 30 ಸೆಕೆಂಡಿನ 40 ಸರದಿ. ಯಾವುದರಲ್ಲಿ ಪ್ರಶ್ನೆ, ಯಾವುದರಲ್ಲಿ ಮೌನ ಎಂದು ನಾಣ್ಯ ಚಿಮ್ಮಿ ಮೊದಲೇ ಬರೆದಿಡಿ. ಮೀಟರ್ ನೋಡಿ ಗುರುತು ಹಾಕುವವನಿಗೆ ಆ ಪಟ್ಟಿಯೂ ಕಾಣಬಾರದು, ಪ್ರಶ್ನೆಯೂ ಕಿವಿಗೆ ಬೀಳಬಾರದು. ಮೌನದ ಸರದಿಗಳಲ್ಲೂ ದೀಪ ಅಷ್ಟೇ ಮಿನುಗಿದರೆ ಉತ್ತರ ಕೊಡುತ್ತಿರುವುದು ಟಿಸಿ.

ಆಕಾಶದ ಬೆಳಕಿಗಂತೂ ಈ ಡಬ್ಬಿ ಕೆಲಸಕ್ಕೆ ಬಾರದು. ಬೀದರ್ ವಾಯುನೆಲೆಯ ಹಾಕ್ ತರಬೇತಿ ವಿಮಾನಗಳು, ಹೈದರಾಬಾದಿನಿಂದ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಹಾರಿಸುವ ದೈತ್ಯ ಪಾಲಿಥೀನ್ ಬಲೂನುಗಳು ನಮ್ಮ ಕಡೆಯ ಮಾಮೂಲಿ ಆಸಾಮಿಗಳು. ಅಂಥದೊಂದು ಬಲೂನು 2025ರ ಜನವರಿಯಲ್ಲಿ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಇಳಿದಿತ್ತು.

ಮನೆಕೆಲಸಕ್ಕಾದರೆ ಇದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಗೋಡೆಯ ಒಂದು ಕಡೆ ಹಳದಿ ದಾಟಿದರೆ ಆಚೆ ಬದಿ ಫ್ರಿಜ್, ಇನ್ವರ್ಟರ್ ಇದೆಯೇ ನೋಡಿ. ಇಲ್ಲದಿದ್ದರೆ ಮೇನ್ ಸ್ವಿಚ್ ಇಳಿಸಿ. ಹಸಿರಿಗೆ ಬಂದರೆ ದೋಷ ನಿಮ್ಮ ವೈರಿಂಗ್‌ನಲ್ಲೇ ಇರಬಹುದು, ಬಹುಮಟ್ಟಿಗೆ ಒಂದು ಸರ್ಕ್ಯೂಟಿನ ನ್ಯೂಟ್ರಲ್ ಇನ್ನೊಂದಕ್ಕೆ ಸೇರಿರುತ್ತದೆ. ಮಂತ್ರವಾದಿಗಿಂತ ಮೊದಲು ವೈರ್‌ಮನ್‌ಗೆ ಫೋನ್ ಮಾಡಿ.