ಐದು ಪೌಂಡಿಗೆ ಗ್ಲೋಬ್: ಓದಲು ಲಂಡನ್ನಿಗೆ ಹೊರಟ ತುಮಕೂರಿನವರಿಗೆ

ತುಮಕೂರಿನಿಂದ ಎಂಎಸ್‌ಸಿ ಓದಲು ಇಂಗ್ಲೆಂಡಿಗೆ ಹೋಗುವವರು ಬಾಡಿಗೆ, ಫೀಸು, ಪಾರ್ಟ್‌ಟೈಮ್ ಕೆಲಸದ ಲೆಕ್ಕದಲ್ಲೇ ವರ್ಷ ಕಳೆದು, ಅಲ್ಲಿನ ನಾಟಕ-ಸಂಗೀತ ದುಡ್ಡಿದ್ದವರದ್ದು ಎಂದುಕೊಂಡೇ ವಾಪಸ್ ಬಂದುಬಿಡುತ್ತಾರೆ. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆಯವರಿಗೆ ಇದು ನಿಜಕ್ಕೂ ದೊಡ್ಡ ನಷ್ಟ. ಥೇಮ್ಸ್ ದಡದಲ್ಲಿರುವ ಶೇಕ್ಸ್‌ಪಿಯರ್ಸ್ ಗ್ಲೋಬ್ ರಂಗಮಂದಿರದಲ್ಲಿ ನಿಂತು ನೋಡುವ ಟಿಕೆಟ್ 5 ಪೌಂಡಿನಿಂದ ಶುರುವಾಗುತ್ತದೆ. ನಮ್ಮ ದುಡ್ಡಿನಲ್ಲಿ ಸುಮಾರು 600 ರೂಪಾಯಿ. ಲಂಡನ್ನಿನ ನಾಟಕಮಂದಿರಗಳ ಬಡಾವಣೆ ವೆಸ್ಟ್ ಎಂಡ್‌ನ ದೊಡ್ಡ ಸಂಗೀತ ನಾಟಕಗಳಲ್ಲಿ ಒಳ್ಳೆಯ ಸೀಟು ಬೇಕೆಂದರೆ ಇದರ ಹತ್ತಿಪ್ಪತ್ತು ಪಟ್ಟು ತೆರಬೇಕು. ಗ್ಲೋಬ್‌ನಲ್ಲಿ ಅತಿ ಅಗ್ಗದ ಜಾಗವೇ ಅತಿ ಒಳ್ಳೆಯ ಜಾಗ.

1599ರಲ್ಲಿ ಕಟ್ಟಿದ ಮೂಲ ಗ್ಲೋಬ್ 1613ರಲ್ಲಿ ನಾಟಕ ನಡೆಯುತ್ತಿದ್ದಾಗಲೇ ಫಿರಂಗಿಯ ಕಿಡಿ ಹುಲ್ಲಿನ ಚಾವಣಿಗೆ ತಗುಲಿ ಸುಟ್ಟುಹೋಯಿತು. ಅದೇ ಮಾದರಿಯ ಈಗಿನ ಕಟ್ಟಡ 1997ರಲ್ಲಿ ಬಾಗಿಲು ತೆರೆಯಿತು. ಸುತ್ತ ಮೂರು ಅಂತಸ್ತಿನ ಮರದ ಗ್ಯಾಲರಿ, ನಡುವೆ ಬಯಲಿಗೆ ತೆರೆದ ಅಂಗಳ, ಅಂಗಳಕ್ಕೆ ಚಾಚಿಕೊಂಡ ವೇದಿಕೆ. ಅಂಗಳದಲ್ಲಿ ಸುಮಾರು 700 ಜನ ನಿಲ್ಲಬಹುದು. ಸಾಮಾನ್ಯವಾಗಿ ಮೈಕ್ ಇರುವುದಿಲ್ಲ, ಪ್ರೇಕ್ಷಕರನ್ನು ಕತ್ತಲಲ್ಲಿಡುವ ಪದ್ಧತಿಯೂ ಇಲ್ಲ. ನಟನಿಗೆ ನಿಮ್ಮ ಮುಖ ಕಾಣುತ್ತದೆ, ನೇರ ನಿಮ್ಮನ್ನೇ ನೋಡಿ ಮಾತಾಡುತ್ತಾನೆ, ಒಮ್ಮೊಮ್ಮೆ ಜನರ ನಡುವೆಯೇ ದಾರಿ ಮಾಡಿಕೊಂಡು ವೇದಿಕೆ ಹತ್ತುತ್ತಾನೆ. ವಾದ್ಯದವರು ಬಹುಪಾಲು ವೇದಿಕೆಯ ಮೇಲಿನ ಉಪ್ಪರಿಗೆಯಲ್ಲಿ ಕೂತು ನುಡಿಸುತ್ತಾರೆ. ನಮ್ಮ ಹಳ್ಳಿಗಳ ಪೌರಾಣಿಕ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು, ಪಾತ್ರಧಾರಿ ಕಂದ ಎತ್ತಿದೊಡನೆ ಮುಂದೆ ಕೂತವರು 'ಒನ್ಸ್ ಮೋರ್' ಎಂದು ಕೂಗುತ್ತಾರಲ್ಲ, ಆ ಸಲಿಗೆಗೆ ಲಂಡನ್ನಿನಲ್ಲಿ ಅತಿ ಹತ್ತಿರದ ಜಾಗ ಇದು. ಗ್ಯಾಲರಿಯಲ್ಲಿ ದುಬಾರಿ ಟಿಕೆಟ್ ಕೊಂಡವರಿಗೆ ಸಿಗುವುದು ಮರದ ಬೆಂಚು. ಹೆಚ್ಚಿನವಕ್ಕೆ ಒರಗುವ ಆಸರೆಯಿಲ್ಲ, ಮೆತ್ತೆ ಬೇಕೆಂದರೆ ಬಾಡಿಗೆ. ಜೊತೆಗೆ ವೇದಿಕೆಯ ಎರಡು ದಪ್ಪ ಕಂಬಗಳು ಕೆಲವು ಸೀಟುಗಳಿಗೆ ಅಡ್ಡ ಬರುತ್ತವೆ. ಅಂಗಳದಲ್ಲಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದರಾಯಿತು.

ಟಿಕೆಟ್ಟನ್ನು ಗ್ಲೋಬ್‌ನ ಸ್ವಂತ ವೆಬ್‌ಸೈಟಿನಲ್ಲೇ ಕೊಳ್ಳಿ. ಹುಡುಕಿದಾಗ ಮೇಲೆ ಬರುವ ಮಧ್ಯವರ್ತಿ ಸೈಟುಗಳು ತಮ್ಮ ಶುಲ್ಕ ಸೇರಿಸುತ್ತವೆ. ಅಂಗಳದಲ್ಲಿ ನಂಬರ್ ಇಲ್ಲ, ಮೊದಲು ಬಂದವರಿಗೆ ಮುಂದಿನ ಜಾಗ. ಆಟಕ್ಕೆ ಒಂದು ಗಂಟೆ ಮುಂಚೆ ಸಾಲಿನಲ್ಲಿದ್ದರೆ ವೇದಿಕೆಯ ಅಂಚು ಸಿಗುವ ಸಾಧ್ಯತೆ ಹೆಚ್ಚು. ಅಂಚಿಗೆ ಮೊಣಕೈ ಊರಿ ಭಾರ ಇಳಿಸಬಹುದು, ಎರಡೂವರೆ-ಮೂರು ಗಂಟೆಯ ಆಟಕ್ಕೆ ಇದು ಸಣ್ಣ ಸೌಲಭ್ಯವಲ್ಲ. ಆದರೆ ವೇದಿಕೆ ಸುಮಾರು ಐದು ಅಡಿ ಎತ್ತರ. ಎತ್ತರ ಕಡಿಮೆ ಇರುವವರು ಅಂಚಿಗೆ ಅಂಟಿಕೊಂಡರೆ ಹಿಂಭಾಗದ ದೃಶ್ಯಗಳು ತಪ್ಪುತ್ತವೆ. ಅಂಚು ಸಿಗದಿದ್ದರೆ ಹಿಂದಿನ ಗೋಡೆಗೆ ಒರಗಿ. ನಟ್ಟನಡುವೆ ಮಾತ್ರ ಬೇಡ, ಅಲ್ಲಿ ಯಾವ ಆಸರೆಯೂ ಇಲ್ಲ.

ಆಟ ನಡೆಯುವಾಗ ನೆಲದ ಮೇಲೆ ಕೂರಲು ಬಿಡುವುದಿಲ್ಲ. ಮೊಣಕಾಲು ಬಿಗಿಹಿಡಿದು ಅಲುಗದೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ. ಬಿಸಿಲಿನ ಮಧ್ಯಾಹ್ನ ಬಿದ್ದವರನ್ನು ಸಿಬ್ಬಂದಿ ಎತ್ತಿಕೊಂಡು ಹೋಗುವುದುಂಟು. ಹೊಟ್ಟೆಗೆ ತಿಂದು ಹೋಗಿ, ನೀರಿನ ಬಾಟಲಿ ಇರಲಿ, ಕಾಲು ಬದಲಿಸುತ್ತಾ ನಿಲ್ಲಿ, ದಪ್ಪ ತಳದ ಶೂ ಹಾಕಿ. ಮಳೆ ಬಂದರೂ ಆಟ ನಿಲ್ಲುವುದಿಲ್ಲ, ಹಿಂದಿನವರಿಗೆ ಮರೆಯಾಗುತ್ತದೆಂದು ಕೊಡೆ ಬಿಚ್ಚಲು ಬಿಡುವುದಿಲ್ಲ. ಟೋಪಿಯಿರುವ ರೇನ್‌ಕೋಟ್ ಬೇಕೇ ಬೇಕು. ಜೂನ್‌ನಲ್ಲೂ ರಾತ್ರಿ ಒಂಬತ್ತರ ಮೇಲೆ ನದಿಯ ಗಾಳಿ ಚಳಿ ಹಿಡಿಸುತ್ತದೆ, ಸ್ವೆಟರ್ ಒಯ್ಯಿರಿ. ಬೆನ್ನು ನೋವು, ಮಂಡಿ ನೋವು ಇದ್ದವರಿಗೆ ಈ ಟಿಕೆಟ್ ಸಲ್ಲದು, ಅವರು ಬೆಂಚನ್ನೇ ಕೊಳ್ಳಲಿ.

ಭಾಷೆಯ ತೊಡಕು ನಿಜ. ನಾನ್ನೂರು ವರ್ಷ ಹಳೆಯ ಇಂಗ್ಲಿಷನ್ನು ನಟರು ಓಡುವ ವೇಗದಲ್ಲಿ ಆಡುತ್ತಾರೆ. ಹಿಂದಿನ ರಾತ್ರಿ ಕಥೆಯ ಸಾರಾಂಶ ಮತ್ತು ಪಾತ್ರಗಳ ಹೆಸರು ಓದಿಕೊಂಡರೆ ಮುಕ್ಕಾಲು ಪಾಲು ಕೆಲಸ ಆದಂತೆ. ಮೊದಲ ಸಲಕ್ಕೆ ಹಾಸ್ಯ ನಾಟಕ ಆರಿಸಿಕೊಳ್ಳಿ, ಮಾತು ತಪ್ಪಿದರೂ ಮೈ ಅಭಿನಯ ಕೈಹಿಡಿಯುತ್ತದೆ.

ಸಂಗೀತಕ್ಕೆ ಇದರ ಜೋಡಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತೋತ್ಸವ ಪ್ರಾಮ್ಸ್. 1895ರಲ್ಲಿ ಶುರುವಾದ ಈ ಉತ್ಸವ ಈಗ ಜುಲೈ ಮಧ್ಯದಿಂದ ಸೆಪ್ಟೆಂಬರ್ ಎರಡನೇ ವಾರದವರೆಗೆ ನಡೆಯುತ್ತದೆ. ನಿಂತು ಕೇಳುವ ಟಿಕೆಟ್ ಇತ್ತೀಚಿನ ವರ್ಷಗಳಲ್ಲಿ 8 ಪೌಂಡ್, ಕಛೇರಿಯ ದಿನ ಬೆಳಗ್ಗೆಯೇ ಮಾರಾಟಕ್ಕೆ ಬರುತ್ತದೆ. ವೇದಿಕೆಯ ಮುಂದೆ ನಿಲ್ಲುವ ಕೆಳಗಿನ ಜಾಗ, ಅಂದರೆ ಅರೀನಾ ತೆಗೆದುಕೊಂಡರೆ ವಾದ್ಯವೃಂದ ಕಣ್ಣೆದುರಿಗೇ ಇರುತ್ತದೆ. ಕಛೇರಿಯಲ್ಲಿ ತಾಳ ಹಾಕಿ, 'ಭಲೇ' ಎಂದು ರೂಢಿಯಾದವರು ಇಲ್ಲಿ ಕೈ ಕಟ್ಟಿಕೊಳ್ಳಬೇಕು. ವಾದ್ಯವೃಂದದ ದೊಡ್ಡ ಕೃತಿಯಾದ ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗ, ನಡುವೆ ಮೌನ ಬಂದರೂ ಕೃತಿ ಮುಗಿದಿರುವುದಿಲ್ಲ. ವಾದ್ಯವೃಂದವನ್ನು ನಡೆಸುವ ನಿರ್ವಾಹಕ ಕೈ ಪೂರ್ತಿ ಇಳಿಸಿ ಜನರತ್ತ ತಿರುಗಿದ ಮೇಲೆ ಚಪ್ಪಾಳೆ.

ಕಾಲದ ಲೆಕ್ಕ ಮುಖ್ಯ. ಸೆಪ್ಟೆಂಬರ್ ಕೊನೆಗೆ ಇಳಿಯುವವರಿಗೆ ಪ್ರಾಮ್ಸ್ ಮುಗಿದಿರುತ್ತದೆ, ಗ್ಲೋಬ್‌ನ ಬಯಲು ಋತು ಸಾಮಾನ್ಯವಾಗಿ ಅಕ್ಟೋಬರ್‌ವರೆಗೆ ಎಳೆಯುತ್ತದೆ. ಹಾಗಾಗಿ ಇಳಿದ ಮೊದಲ ತಿಂಗಳಲ್ಲೇ ಗ್ಲೋಬ್, ಮುಂದಿನ ಬೇಸಿಗೆಯಲ್ಲಿ ಡಿಸರ್ಟೇಶನ್ ಬರೆಯುವ ನಡುವೆ ಪ್ರಾಮ್ಸ್. ಚಳಿಗಾಲದಲ್ಲಿ ಗ್ಲೋಬ್ ಆವರಣದ್ದೇ ಮೇಣದಬತ್ತಿ ಬೆಳಕಿನ ಪುಟ್ಟ ಒಳಾಂಗಣ ರಂಗಮಂದಿರವಿದೆ, ಚೆಂದವಿದೆ, ಅಲ್ಲಿ ಮಾತ್ರ ಅಗ್ಗದ ಜಾಗದಿಂದ ನೋಟ ಅರ್ಧಂಬರ್ಧ.

ನ್ಯಾಷನಲ್ ಥಿಯೇಟರ್‌ನಂಥ ಕಡೆ 16ರಿಂದ 25 ವಯಸ್ಸಿನವರಿಗೆ ಅಗ್ಗದ ಟಿಕೆಟ್ ಯೋಜನೆಗಳಿವೆ. ನಾಲ್ಕೈದು ವರ್ಷ ಕೆಲಸ ಮಾಡಿ ಓದಲು ಹೋದವರಿಗೆ ಅವು ಸಿಗುವುದಿಲ್ಲ, ಗ್ಲೋಬ್ ಅಂಗಳಕ್ಕೆ ಅಂಥ ವಯಸ್ಸಿನ ಮಿತಿಯಿಲ್ಲ. ಲಂಡನ್ನಿನ ಹೊರಗೆ ಓದುವವರಿಗೆ ಟಿಕೆಟ್ಟಿಗಿಂತ ರೈಲು ದುಬಾರಿ. 16-25 ರೈಲ್‌ಕಾರ್ಡ್ ಎಂಬ ರಿಯಾಯಿತಿ ಕಾರ್ಡಿನಿಂದ ಪ್ರಯಾಣದ ದರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ, 26 ದಾಟಿದ ಪೂರ್ಣಾವಧಿ ವಿದ್ಯಾರ್ಥಿಗಳೂ ಅದನ್ನು ಪಡೆಯಬಹುದು. ಸಂಜೆ 7.30ರ ಆಟ ಬಿಡುವ ಹೊತ್ತಿಗೆ ರಾತ್ರಿ ಹತ್ತೂವರೆ ಆಗಿರುತ್ತದೆ. ನೀವು ಓದುವ ಊರಿಗೆ ಕೊನೆಯ ರೈಲು ಎಷ್ಟು ಗಂಟೆಗೆಂದು ಮೊದಲೇ ನೋಡಿಕೊಂಡು, ಸಂದೇಹವಿದ್ದರೆ ಮಧ್ಯಾಹ್ನದ ಆಟವನ್ನೇ ಬುಕ್ ಮಾಡಿ.