ಆಟಿಸಂ ಸಂಶೋಧನೆಗೆ ಯಾವ ಇಲಿ?
ಕಲಬುರಗಿಯಲ್ಲಿ ಔಷಧವಿಜ್ಞಾನ ಓದುತ್ತ, ಆಟಿಸಂನಲ್ಲಿ ಗಂಡು–ಹೆಣ್ಣಿನ ವ್ಯತ್ಯಾಸವನ್ನೇ ಪ್ರಬಂಧದ ವಿಷಯವಾಗಿಸಿಕೊಂಡವರು ಆಟಿಸಂನಂಥ ಲಕ್ಷಣ ತೋರುವ ಇಲಿಗಳ ಈ ಎರಡು ಮಾದರಿಗಳನ್ನು ತೂಗಿ ನೋಡಬಹುದು: ಒಂದು ಔಷಧದಿಂದ ಆದದ್ದು, ಇನ್ನೊಂದು ಜೀನ್ ಕೆಡಿಸಿ ಆದದ್ದು.

ವಾಲ್ಪ್ರೋಯೇಟ್ ಮೂರ್ಛೆರೋಗದ ಔಷಧ. ಅದನ್ನು ಗರ್ಭಿಣಿ ಬಿಳಿ ಇಲಿಗೆ (ರ‍್ಯಾಟ್) ಸಾಮಾನ್ಯವಾಗಿ ಗರ್ಭದ 12.5ನೇ ದಿನದ ಹೊತ್ತಿಗೆ ಚುಚ್ಚುತ್ತಾರೆ. ಒಂದೇ ಸೂಲಿನ ಗಂಡು, ಹೆಣ್ಣು ಮರಿಗಳೆರಡೂ ಸಿಗುತ್ತವೆ. ಒಡನಾಟದ ಕೊರತೆ ಅನೇಕ ಅಧ್ಯಯನಗಳಲ್ಲಿ ಗಂಡುಗಳಲ್ಲೇ ಎದ್ದು ಕಂಡಿದೆ. ಆದರೆ ಲೆಕ್ಕಕ್ಕೆ ಮರಿಯನ್ನಲ್ಲ, ಸೂಲನ್ನು ಹಿಡಿಯಬೇಕು. ಒಂದೇ ತಾಯಿಯ ಎಂಟು ಮರಿಗಳನ್ನು ಎಂಟು ಸ್ವತಂತ್ರ ಸ್ಯಾಂಪಲ್‌ಗಳೆಂದು ತೋರಿಸಿದರೆ ಫಲಿತಾಂಶಕ್ಕೆ ಬೆಲೆಯಿಲ್ಲ.

ಆಟಿಸಂ ಜೊತೆ ನಂಟಿರುವ ಎಫ್‌ಎಂಆರ್1 ಜೀನ್ ಕೆಡಿಸಿದ ಚಿಕ್ಕ ಇಲಿ (ಮೌಸ್) 1994ರಲ್ಲಿ ಬಂದದ್ದು. ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಹಾಗಾಗಿ ಗಂಡಿಗೆ ಬದಲಿ ಪ್ರತಿ ಇಲ್ಲ. ಒಂದು ಪ್ರತಿ ಉಳಿದ ಹೆಣ್ಣಿನಲ್ಲಿ ಅದು ಕೆಲವು ಕೋಶಗಳಲ್ಲಷ್ಟೇ ಕೆಲಸ ಮಾಡುತ್ತದೆ. ಇಂಥ ಹೆಣ್ಣನ್ನು ಗಂಡಿನೊಂದಿಗೆ ಹೋಲಿಸಿದರೆ, ವ್ಯತ್ಯಾಸ ಲಿಂಗದ್ದೋ, ಜೀನಿನ ಪ್ರಮಾಣದ್ದೋ ಎಂಬ ತೊಡಕು ತಪ್ಪದು.

ನನ್ನ ಮತ ವಾಲ್ಪ್ರೋಯೇಟಿಗೆ. ಯಾವುದನ್ನು ಆರಿಸಿದರೂ, ನಮ್ಮ ಮೇ ತಿಂಗಳ 40 ಡಿಗ್ರಿಯಲ್ಲಿ ಪ್ರಾಣಿಗೃಹ ತಂಪಾಗಿರುತ್ತದೆಯೇ ಎಂದು ಮೊದಲು ವಿಚಾರಿಸಿ.