ದುಬೈನಲ್ಲಿ ಮೂರು ಖಾತೆ, ಕಲಬುರಗಿಯಲ್ಲಿ ಎರಡು: ಪಗಾರ ಬಾರದ ತಿಂಗಳ ಲೆಕ್ಕ

ರಜೆಗೆ ಅಂತ ಕಲಬುರಗಿಗೆ ಬಂದು ಮೂರು ದಿನ ಆಗಿಲ್ಲ, ಕಾಕಾನ ಮಗ ಮನೆಗೆ ಬಂದ. ಅವನಿಗೆ ದುಬೈನಲ್ಲಿ ಎಸಿ ರಿಪೇರಿ ಕೆಲಸ ಸಿಕ್ಕಿದೆ. ಅವ್ವ ಕೊಟ್ಟ ಚಹಾ ಆರುವುದರೊಳಗೆ ಕೇಳಿಬಿಟ್ಟ: “ಅಕ್ಕಾ, ಅಲ್ಲಿ ಯಾವ ಬ್ಯಾಂಕಿನಾಗ ಖಾತೆ ತೆಗೀಲಿ? ಯಾವುದರಾಗ ರೊಕ್ಕ ಕಡಿಮಿ ಹಿಡೀತಾರ?”

2021ರಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೆಲಸಕ್ಕೆ ಹೊರಟಾಗ ನಾನೂ ಇದನ್ನೇ ಎಲ್ಲರಿಗೂ ಕೇಳಿದ್ದೆ. ಎಲ್ಲರೂ ತಮ್ಮ ತಮ್ಮ ಬ್ಯಾಂಕೇ ಫ್ರೀ ಅಂದರು. ಸುಳ್ಳೇನೂ ಹೇಳಿರಲಿಲ್ಲ. ಪಗಾರ ಬರುತ್ತಿರುವವರೆಗೆ ಎಲ್ಲ ಖಾತೆಯೂ ಫ್ರೀನೇ. 2023ರಲ್ಲಿ ನಾನು ಕೆಲಸ ಬದಲಿಸಿದೆ. ನಡುವೆ ಎರಡೂವರೆ ತಿಂಗಳು ಪಗಾರ ಇರಲಿಲ್ಲ. ಯಾವ ಖಾತೆಯ ಗುಣ ಏನು ಅಂತ ಗೊತ್ತಾಗಿದ್ದು ಆಗ.

ಹಾಗೆ ನೋಡಿದರೆ ಮೊದಲ ತಿಂಗಳೂ ಪಗಾರ ಬಾರದ ತಿಂಗಳೇ. ಎಮಿರೇಟ್ಸ್ ಐಡಿ, ಅಂದರೆ ಅಲ್ಲಿನ ಗುರುತಿನ ಚೀಟಿ, ಕೈಗೆ ಬರದೆ ನನಗೆ ಯಾರೂ ಖಾತೆ ತೆಗೆದುಕೊಡಲಿಲ್ಲ. ಮೆಡಿಕಲ್, ಬೆರಳಚ್ಚು ಎಲ್ಲ ಮುಗಿದು ಐಡಿ ಬರಲು 19 ದಿನ ಹಿಡಿಯಿತು. ಅಷ್ಟು ದಿನ ನನ್ನ ಹತ್ತಿರ ಇದ್ದದ್ದು ವಿಮಾನ ನಿಲ್ದಾಣದಲ್ಲಿ ಗಡಿಬಿಡಿಯಲ್ಲಿ ಕೊಂಡ ದಿರ್ಹಮ್ ನೋಟು ಮತ್ತು ಊರಿನ ಡೆಬಿಟ್ ಕಾರ್ಡ್. ನೋಟಿನ ದರ ಕೆಟ್ಟದಾಗಿತ್ತು. ಕಾರ್ಡ್ ಇನ್ನೂ ಕೆಟ್ಟದು. ಶೇ 3.5 ಮಾರ್ಕಪ್ (ದರದ ಮೇಲೆ ಹೆಚ್ಚುವರಿ ಕಡಿತ), ಅದರ ಮೇಲೆ ಜಿಎಸ್‌ಟಿ, ಎಟಿಎಂನಲ್ಲಿ ತೆಗೆದಾಗಲೆಲ್ಲ ಬೇರೆ ಶುಲ್ಕ. ಅದು ಸಾಲದು ಅಂತ ಅಲ್ಲಿನ ಎಟಿಎಂ “ರೂಪಾಯಿಯಲ್ಲಿ ಕಡಿತ ಮಾಡಲೇ, ದಿರ್ಹಮ್‌ನಲ್ಲೇ?” ಅಂತ ಕೇಳಿತು. ನಮ್ಮ ರೂಪಾಯಿ ಅಲ್ವಾ ಅಂತ ಅದನ್ನೇ ಒತ್ತಿದೆ. ಹಾಗೆ ಒತ್ತಿದರೆ ದರ ಹಾಕುವವನು ಆ ಎಟಿಎಂನವನು. ಯಾವಾಗಲೂ ದಿರ್ಹಮ್ ಅಂತಲೇ ಒತ್ತಬೇಕು. ತಮ್ಮನಿಗೆ ನಾನು ಹೇಳಿದ್ದು ಇಷ್ಟು: ಹೊರಡುವ ಮೊದಲೇ ನಾಲ್ಕು ಕಡೆ ದರ ಕೇಳಿ ದಿರ್ಹಮ್ ಕೊಂಡಿಟ್ಟುಕೋ. ಫಾರೆಕ್ಸ್ ಕಾರ್ಡ್ (ವಿದೇಶಿ ರೊಕ್ಕ ಮೊದಲೇ ತುಂಬಿಸಿಕೊಳ್ಳುವ ಕಾರ್ಡ್) ಮಾಡಿಸಿದರೆ ಅದರಲ್ಲಿ ದಿರ್ಹಮನ್ನೇ ತುಂಬಿಸು. ಡಾಲರ್ ತುಂಬಿಸಿ ದಿರ್ಹಮ್ ಖರ್ಚು ಮಾಡಿದರೆ ಮತ್ತೆ ಕಡಿತ.

ಇನ್ನು ಖಾತೆಗಳ ವಿಷಯ. ನಾನು ಬಳಸಿದ್ದು ಮೂರು. ಕಂಪನಿ ಕೊಟ್ಟ ಪಗಾರದ ಕಾರ್ಡ್, ಶಾಖೆ ಇರುವ ದೊಡ್ಡ ಬ್ಯಾಂಕಿನ ಖಾತೆ, ಬರೀ ಮೊಬೈಲ್ ಆ್ಯಪಿನಲ್ಲಿರುವ ಖಾತೆ.

ಕಾರ್ಡಿನದು ಸಣ್ಣ ಕಥೆ. ಯುಎಇಯಲ್ಲಿ 2009ರಿಂದ ವೇತನ ಸಂರಕ್ಷಣಾ ವ್ಯವಸ್ಥೆ ಇದೆ, ಎಲ್ಲರೂ ಡಬ್ಲ್ಯುಪಿಎಸ್ ಅಂತಾರೆ. ಪಗಾರ ಬ್ಯಾಂಕು ಅಥವಾ ಎಕ್ಸ್‌ಚೇಂಜ್ (ರೊಕ್ಕ ಬದಲಿಸುವ, ಕಳಿಸುವ ಅಂಗಡಿ) ಮೂಲಕವೇ ಬರಬೇಕು, ಸರ್ಕಾರಕ್ಕೆ ಅದು ಕಾಣಬೇಕು. ಕಡಿಮೆ ಪಗಾರದವರಿಗೆ ಕಂಪನಿಗಳು ಖಾತೆಯ ಬದಲು ಕಾರ್ಡ್ ಕೊಟ್ಟುಬಿಡುತ್ತವೆ. ನನಗೂ ಮೊದಲ ನಾಲ್ಕು ತಿಂಗಳು ಅದೇ. ಕನಿಷ್ಠ ಬ್ಯಾಲೆನ್ಸ್ ಇಲ್ಲ, ತಿಂಗಳ ಶುಲ್ಕ ಇಲ್ಲ. ಆದರೆ ಅದು ನಮ್ಮದಲ್ಲ, ಕಂಪನಿಯದು. ನನ್ನ ರೂಮಿನಲ್ಲಿದ್ದ ಆಳಂದದ ಹುಡುಗಿ ಕೆಲಸ ಬಿಟ್ಟ ವಾರವೇ ಅವಳ ಕಾರ್ಡ್ ಬಂದ್ ಆಯಿತು. ಒಳಗೆ 340 ದಿರ್ಹಮ್ ಇತ್ತು. ಅದನ್ನು ವಾಪಸ್ ತರಲು ಒಂದು ತಿಂಗಳು ಅಲೆದಳು. ಕಾರ್ಡ್ ಇದ್ದವರು ಪಗಾರ ಬಿದ್ದ ದಿನವೇ ಖಾಲಿ ಮಾಡಬೇಕು, ಅಷ್ಟೇ.

ದೊಡ್ಡ ಬ್ಯಾಂಕಿನ ಖಾತೆ ನಾನು ಹುಡುಕಿಕೊಂಡು ಹೋಗಿದ್ದಲ್ಲ, ಅದೇ ಬಂತು. ಟೈ ಕಟ್ಟಿಕೊಂಡ ಹುಡುಗ ಕ್ಲಿನಿಕ್ಕಿಗೇ ಫಾರ್ಮ್ ತಂದಿದ್ದ. ಪಗಾರದ ಪತ್ರ, ಐಡಿ, ಪಾಸ್‌ಪೋರ್ಟ್ ನಕಲು ತಗೊಂಡ. “ಫುಲ್ ಫ್ರೀ ಮೇಡಂ” ಅಂದ. ಅದರ ಜೊತೆಗೇ ಒಂದು ಕ್ರೆಡಿಟ್ ಕಾರ್ಡನ್ನೂ ದಾಟಿಸಿದ, ಮೊದಲ ವರ್ಷ ಫ್ರೀ ಅಂತ. ಎರಡನೇ ವರ್ಷದ ಶುಲ್ಕ ಬಂದಾಗ ಅವನ ಫೋನ್ ಸ್ವಿಚ್ ಆಫ್.

ಖಾತೆಗೆ ಮಾತ್ರ ಎರಡು ವರ್ಷ ಒಂದು ದಿರ್ಹಮ್ ಶುಲ್ಕ ಕೂಡ ಹೋಗಲಿಲ್ಲ. ಕೆಲಸ ಬಿಟ್ಟ ಮುಂದಿನ ತಿಂಗಳು ಮೆಸೇಜ್ ಬಂತು: 26.25 ದಿರ್ಹಮ್ ಕಡಿತ. ಫೋನ್ ಮಾಡಿ ಕೇಳಿದೆ. ಪಗಾರ ಬರುತ್ತಿರುವವರೆಗೆ ಕನಿಷ್ಠ ಬ್ಯಾಲೆನ್ಸ್ ಬೇಡ, ನಿಂತ ಮೇಲೆ 3,000 ದಿರ್ಹಮ್ ಇರಲೇಬೇಕು, ಇಲ್ಲದಿದ್ದರೆ ತಿಂಗಳಿಗೆ 25, ಅದರ ಮೇಲೆ ಶೇ 5 ವ್ಯಾಟ್. ಕೈಯಲ್ಲಿ ರೊಕ್ಕ ಇಲ್ಲದವಳಿಗೆ ರೊಕ್ಕ ಇಲ್ಲ ಅಂತ ದಂಡ! ಮೂರು ಸಲ ಹಿಡಿದರು, 78.75 ದಿರ್ಹಮ್. ಆಗಿನ ಲೆಕ್ಕದಲ್ಲಿ 1,800 ರೂಪಾಯಿ ಹತ್ತಿರ. ಮನೆಗೆ ಒಂದು ತಿಂಗಳ ಕಿರಾಣಿ ಅಲ್ಲದಿದ್ದರೂ ತೊಗರಿಬೇಳೆ, ಎಣ್ಣೆ ಬಂದುಹೋಗುತ್ತಿತ್ತು. ಇದೆಲ್ಲ ಅವರು ಮೊದಲೇ ಕೊಡಬೇಕಾದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನೋ ಹಾಳೆಯಲ್ಲಿ ಇತ್ತು. ನಾನು ಓದಿರಲಿಲ್ಲ.

ಆ್ಯಪ್ ಖಾತೆ ತೆಗೆದದ್ದು ಈ ಸಿಟ್ಟಿನಲ್ಲೇ. ಬಸ್‌ಸ್ಟಾಪಿನಲ್ಲಿ ಕೂತು ಐಡಿ ಸ್ಕ್ಯಾನ್ ಮಾಡಿ ಮುಖ ತೋರಿಸಿದೆ, ಕಾಲು ಗಂಟೆಯಲ್ಲಿ ಐಬಿಎಎನ್, ಅಂದರೆ ಅಲ್ಲಿನ ಖಾತೆ ನಂಬರ್, ಬಂತು. ಕನಿಷ್ಠ ಬ್ಯಾಲೆನ್ಸ್ ಇಲ್ಲ. ಒಂದು ಸಲ ಅದರಲ್ಲಿ 11 ದಿರ್ಹಮ್ ಉಳಿದಿತ್ತು, ಮೂರು ವಾರ ಆದಮೇಲೂ 11 ದಿರ್ಹಮ್ಮೇ ಇತ್ತು. ಹೊಸ ಕಂಪನಿಯವರು ಪಗಾರಕ್ಕೆ ಖಾತೆಯ ಪತ್ರ ಕೇಳಿದಾಗ ಆ್ಯಪಿನಿಂದ ಇಳಿಸಿ ಅಲ್ಲೇ ಕಳಿಸಿದೆ.

ಆದರೆ ಅದಕ್ಕೂ ಎರಡು ಕೊರತೆ ಇದೆ. ಹೊಸ ವೀಸಾ ಬಂದು ಹಳೆಯ ಐಡಿ ಅವಧಿ ಮುಗಿದಿತ್ತು, ಹೊಸದನ್ನು ಆ್ಯಪಿಗೆ ಹಾಕುವುದು ಮರೆತಿದ್ದೆ. ದುಬೈನ ಕರಾಮಾ ಬಡಾವಣೆಯ ಅಂಗಡಿಯಲ್ಲಿ ಜೋಳದ ಹಿಟ್ಟು, ಶೇಂಗಾ, ಮೊಸರು ಇಟ್ಟುಕೊಂಡು ಸಾಲಿನಲ್ಲಿ ನಿಂತಿದ್ದೆ. ಕಾರ್ಡ್ ಹಚ್ಚಿದರೆ ಕೆಂಪು ದೀಪ. ಮತ್ತೆ ಹಚ್ಚಿದೆ, ಮತ್ತೆ ಕೆಂಪು. ಹಿಂದಿನವರು ಮುಖ ನೋಡುತ್ತಿದ್ದರು. ಹಿಟ್ಟು ಅಲ್ಲೇ ಬಿಟ್ಟು ಬಂದೆ. ಸರಿಯಾಗಲು ಎರಡು ದಿನ ಬೇಕಾಯಿತು, ಮಾತಾಡಲು ಚಾಟ್ ಬಿಟ್ಟರೆ ಗತಿ ಇಲ್ಲ. ದೊಡ್ಡ ಬ್ಯಾಂಕಿನ ಕಾರ್ಡೂ ಇದೇ ಕಾರಣಕ್ಕೆ ನಿಂತಿತ್ತು, ಆದರೆ ಶಾಖೆಗೆ ಹೋಗಿ ಐಡಿ ತೋರಿಸಿದೆ, ಸಂಜೆಗೆ ಚಾಲೂ ಆಯಿತು.

ಇನ್ನೊಂದು ಕೊರತೆ ಚೆಕ್. ದುಬೈನಲ್ಲಿ ಮನೆ ಬಾಡಿಗೆಗೆ ಮುಂದಿನ ತಾರೀಕಿನ ಚೆಕ್ ಕೇಳುತ್ತಾರೆ, ವರ್ಷಕ್ಕೆ ನಾಲ್ಕೋ ಆರೋ. ನಾನೂ ಸಹೋದ್ಯೋಗಿಯೂ ಸೇರಿ ಒಂದು ಸ್ಟುಡಿಯೋ (ಒಂದೇ ಕೋಣೆಯ ಮನೆ) ಹಿಡಿಯಲು ಹೋದಾಗ ಏಜೆಂಟ್ ಮೊದಲು ಕೇಳಿದ್ದೇ “ಚೆಕ್‌ಬುಕ್ ಇದೆಯಾ?” ನನ್ನ ಆ್ಯಪ್ ಖಾತೆಗೆ ಚೆಕ್‌ಬುಕ್ಕೇ ಇರಲಿಲ್ಲ. ಬೈದುಕೊಂಡಿದ್ದ ಹಳೆಯ ಬ್ಯಾಂಕಿಗೇ ಹೋಗಬೇಕಾಯಿತು.

ಹಾಗಾಗಿ ಈಗ ನನ್ನ ಪಗಾರ ಬೀಳುವುದು ಆ್ಯಪಿಗೆ. ದೊಡ್ಡ ಬ್ಯಾಂಕಿನಲ್ಲಿ 3,000 ದಿರ್ಹಮ್ ಸುಮ್ನೆ ಕೂತಿದೆ, ಚೆಕ್ಕಿನ ಸಲುವಾಗಿ. ಅದೂ ಒಂದು ಖರ್ಚೇ. ಕಂಪನಿ ರೂಮಿನಲ್ಲಿ ಇರುವವರಿಗೆ, ಅಂದರೆ ನಮ್ಮ ತಮ್ಮನಂಥವರಿಗೆ, ಅದು ಬೇಕಿಲ್ಲ.

ಊರಿಗೆ ರೊಕ್ಕ ಕಳಿಸುವುದರಲ್ಲಿ ನಾನು ಜಾಸ್ತಿ ಕಳಕೊಂಡೆ ಅನ್ನಿಸುತ್ತದೆ, ಯಾಕೆಂದರೆ ಅಲ್ಲಿ ಕಡಿತ ಕಾಣುವುದೇ ಇಲ್ಲ. ನಮ್ಮ ಆಯಿ ಬದುಕಿದ್ದಾಗ ನಿಜಾಮನ ಕಾಲದ ರೊಕ್ಕದ ಮಾತು ಹೇಳುತ್ತಿದ್ದಳು. ಹೈದರಾಬಾದ್ ಸಂಸ್ಥಾನಕ್ಕೆ ಅದರದೇ ಹಾಲಿ ಸಿಕ್ಕಾ ಇತ್ತು, ಬ್ರಿಟಿಷರ ರೂಪಾಯಿಗೆ ಕಲ್ದಾರ್ ಅನ್ನುತ್ತಿದ್ದರು. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್. “ಸೋಲಾಪುರಕ್ಕ ಹೋಗಿ ಬಂದವರು ಸಂತಿಯೊಳಗ ಸೋಲಲಿಲ್ಲ, ಬದಲಿ ಮಾಡೂವಾಗ ಸೋತರು” ಅನ್ನುತ್ತಿದ್ದಳು. ಕರಾಮಾದ ಎಕ್ಸ್‌ಚೇಂಜ್ ಕೌಂಟರಿನಲ್ಲಿ ನಿಂತಾಗ ಅವಳ ಮಾತೇ ನೆನಪಾಗುತ್ತದೆ.

2023ರ ಕೊನೆಯಲ್ಲಿ ಒಂದೇ ದಿನ ಎರಡೂ ಕಡೆ ದರ ಬರೆದುಕೊಂಡೆ. ದೊಡ್ಡ ಬ್ಯಾಂಕಿನ ಆ್ಯಪಿನಲ್ಲಿ ದಿರ್ಹಮ್‌ಗೆ 22.37 ರೂಪಾಯಿ, ಶುಲ್ಕ ಸೊನ್ನೆ. ಎಕ್ಸ್‌ಚೇಂಜ್ ಕೌಂಟರಿನಲ್ಲಿ 22.58, ಶುಲ್ಕ ವ್ಯಾಟ್ ಸೇರಿ 23.10 ದಿರ್ಹಮ್. ನಾನು ಎರಡು ವರ್ಷ ಸೊನ್ನೆ ನೋಡಿ ಬ್ಯಾಂಕಿನಿಂದಲೇ ಕಳಿಸಿದ್ದೆ. ಲೆಕ್ಕ ಹಾಕಿದೆ. 2,000 ದಿರ್ಹಮ್ ಆದರೆ ಬ್ಯಾಂಕಿನಿಂದ 44,740 ರೂಪಾಯಿ, ಕೌಂಟರಿನಿಂದ 44,638. ಬ್ಯಾಂಕೇ 102 ರೂಪಾಯಿ ಮೇಲು. ಅದೇ 5,000 ದಿರ್ಹಮ್ ಆದರೆ ಬ್ಯಾಂಕಿನಿಂದ 1,11,850, ಕೌಂಟರಿನಿಂದ 1,12,378. ಈಗ ಕೌಂಟರ್ 528 ಮೇಲು. ಶುಲ್ಕ ಎಷ್ಟು ಕಳಿಸಿದರೂ ಅಷ್ಟೇ, ದರದಲ್ಲಿ ಕಚ್ಚುವುದು ಮಾತ್ರ ಮೊತ್ತದ ಜೊತೆ ಬೆಳೆಯುತ್ತದೆ. ಆ ದಿನದ ದರಕ್ಕೆ 2,500 ದಿರ್ಹಮ್ ಆಸುಪಾಸು ಎರಡೂ ಸಮ. ದರ ದಿನಾ ಬದಲಾಗುತ್ತದೆ, ಆದರೆ ಲೆಕ್ಕ ಹಾಕುವ ರೀತಿ ಇದೇ: ಕೊನೆಗೆ ಎಷ್ಟು ರೂಪಾಯಿ ಬೀಳುತ್ತೆ ಅಂತ ಮಾತ್ರ ಕೇಳಬೇಕು.

ಡಾಲರಿನಲ್ಲಿ ಸ್ವಿಫ್ಟ್ (ದೇಶದೇಶದ ಬ್ಯಾಂಕುಗಳನ್ನು ಜೋಡಿಸುವ ಜಾಲ) ಮೂಲಕ ಒಂದು ಸಲ ಕಳಿಸಿ ನೋಡಿದೆ. ನಡುವೆ ಯಾವುದೋ ಮೂರನೇ ಬ್ಯಾಂಕು ತನ್ನ ಪಾಲು ತೆಗೆದುಕೊಂಡಿತು. ಮತ್ತೆ ಆ ಕಡೆ ಹೋಗಿಲ್ಲ.

ಮೊದಲ ಸಲ ಕಳಿಸಿದ್ದು ನಾಲ್ಕು ದಿನ ಆದಮೇಲೆ ವಾಪಸ್ ಬಂದಿತ್ತು, ಅದಕ್ಕೆ ಯಾರನ್ನೂ ದೂರುವಂತಿಲ್ಲ. ಅಪ್ಪಾಜಿ ಫೋನಿನಲ್ಲಿ ಹಳೆಯ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ಓದಿದ್ದರು, ಎಸ್‌ಬಿಎಚ್‌ವೈ ಅಂತ ಶುರುವಾಗುವುದು. ಅದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಕೋಡ್. ಆ ಬ್ಯಾಂಕು 2017ರ ಏಪ್ರಿಲ್ 1ಕ್ಕೆ ಎಸ್‌ಬಿಐ ಒಳಗೆ ಸೇರಿಹೋಯಿತು, ಕೋಡೂ ಎಸ್‌ಬಿಐಎನ್ ಆಯಿತು. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಆ ಪಾಸ್‌ಬುಕ್ ಇನ್ನೂ ಇದೆ, ಜೋಪಾನ.

ಈಗ ಕಲಬುರಗಿಯ ಎರಡು ಖಾತೆ. ವಿದೇಶಕ್ಕೆ ಕೆಲಸಕ್ಕೆ ಹೋದವರು ಊರಿನ ಮಾಮೂಲಿ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ವಿದೇಶಿ ವಿನಿಮಯದ ಫೆಮಾ ಕಾನೂನು ಪ್ರಕಾರ ಅದನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಸಾಮಾನ್ಯ ಖಾತೆ, ಮಾಡಿಸಬೇಕು. ನಾನು ಒಂದೂವರೆ ವರ್ಷ ಮಾಡಿಸಿರಲಿಲ್ಲ. ಹೊರಗಿನಿಂದ ಮಾಡಿಸಹೋದರೆ ನಕಲುಗಳಿಗೆ ಅಟೆಸ್ಟೇಶನ್, ಕೊರಿಯರ್, ಅದಕ್ಕೇ ರೊಕ್ಕ ಹೋಯಿತು.

ಎನ್‌ಆರ್‌ಒ ಮತ್ತು ಎನ್‌ಆರ್‌ಇ ಎರಡನ್ನೂ ಇಟ್ಟು ನೋಡಿದ್ದೇನೆ. ಊರಿನಲ್ಲಿ ಹುಟ್ಟುವ ರೊಕ್ಕ, ಅಂದರೆ ಬಾಡಿಗೆ, ಎಲ್‌ಐಸಿ ಇತ್ಯಾದಿ, ಸಾಮಾನ್ಯವಾಗಿ ಎನ್‌ಆರ್‌ಒಗೆ ಬರುತ್ತದೆ. ಅದರ ಬಡ್ಡಿಯಲ್ಲಿ ಮೊದಲ ರೂಪಾಯಿಂದಲೇ ಶೇ 30 ಟಿಡಿಎಸ್ (ಬ್ಯಾಂಕೇ ಮೊದಲೇ ಹಿಡಿಯುವ ತೆರಿಗೆ), ಸೆಸ್ ಸೇರಿ ಶೇ 31.2. ಹೊರಗೆ ದುಡಿದದ್ದು ಎನ್‌ಆರ್‌ಇಗೆ. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಯಾವಾಗ ಬೇಕಾದರೂ ಹೊರಗೆ ವಾಪಸ್ ಒಯ್ಯಬಹುದು. ಬುದ್ಧಿ ಇಲ್ಲದೆ ನಾನು ಪಗಾರದ ಉಳಿಕೆಯನ್ನೂ ಎನ್‌ಆರ್‌ಒಗೇ ಹಾಕಿ ಎಫ್‌ಡಿ ಮಾಡಿದ್ದೆ. ಬಡ್ಡಿಯ ಮೂರನೇ ಒಂದು ಪಾಲು ಹತ್ತಿರ ಹೋಯಿತು.

ಪಗಾರ ಇಲ್ಲದ ತಿಂಗಳಲ್ಲಿ ಎನ್‌ಆರ್‌ಇ ಕೂಡ ಕಚ್ಚಿತು. ನನ್ನದು ಖಾಸಗಿ ಬ್ಯಾಂಕು, ತಿಂಗಳ ಸರಾಸರಿ 10,000 ರೂಪಾಯಿ ಇರಬೇಕು, ಇಲ್ಲದಿದ್ದರೆ ದಂಡ ಮತ್ತು ಜಿಎಸ್‌ಟಿ. ಸರಾಸರಿ ಅಂದರೆ ದಿನಾ 10,000 ಇರಬೇಕು ಅಂತ ತಿಳಿದಿದ್ದೆ. ಶಾಖೆಯ ಕ್ಲರ್ಕ್ ಒಬ್ಬರು ಬಿಡಿಸಿ ಹೇಳಿದರು: ದಿನದಿನದ ಬ್ಯಾಲೆನ್ಸ್ ಕೂಡಿಸಿ ದಿನಗಳಿಂದ ಭಾಗಿಸುತ್ತಾರೆ. ಒಂದು ಲಕ್ಷ ಮೂರು ದಿನ ಕೂತು ಆಮೇಲೆ ಖಾತೆ ಖಾಲಿ ಇದ್ದರೂ 30 ದಿನದ ಸರಾಸರಿ 10,000 ಆಯಿತು. ಆಮೇಲೆ ನಾನು ರೊಕ್ಕ ಬಂದ ದಿನವೇ ಎಫ್‌ಡಿಗೆ ಹಾಕುವುದು ಬಿಟ್ಟೆ, ಮೂರ್ನಾಲ್ಕು ದಿನ ಬಿಟ್ಟು ಹಾಕುತ್ತೇನೆ.

ಮನೆ ಖರ್ಚಿಗೆ ಈ ಎರಡೂ ಬೇಡ. ನೇರ ಅಪ್ಪಾಜಿ ಖಾತೆಗೆ ಕಳಿಸುತ್ತೇನೆ. ಮಕ್ಕಳು ತಂದೆತಾಯಿಗೆ ಕೊಟ್ಟದ್ದಕ್ಕೆ ಅವರಿಗೆ ತೆರಿಗೆ ಬರಲ್ಲ, ನನ್ನ ಎಟಿಎಂ ಕಾರ್ಡ್ ಅವರ ಕೈಗೆ ಕೊಟ್ಟು ಪಿನ್ ಹೇಳುವ ಕೆಲಸವೂ ತಪ್ಪಿತು. ಇನ್ನು ಒಟಿಪಿಗಾಗಿ ಊರಿನ ಸಿಮ್ ಜೀವ ಇಟ್ಟುಕೊಂಡಿರಬೇಕು, ರೀಚಾರ್ಜ್ ಮರೆಯಬಾರದು. 2023ರಿಂದ ಯುಎಇ ನಂಬರಿಗೂ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯ ಯುಪಿಐ ಜೋಡಿಸಲು ಅವಕಾಶ ಇದೆ, ಆದರೆ ಎಲ್ಲ ಆ್ಯಪಿನಲ್ಲೂ ಆಗಲ್ಲ.

ಇಷ್ಟೆಲ್ಲ ಕೇಳಿ ತಮ್ಮ ಅಂದ, “ಅಂದ್ರ ಅಕ್ಕಾ, ಅಲ್ಲಿ ಆ್ಯಪ್ ಒಂದು, ಇಲ್ಲಿ ಎನ್‌ಆರ್‌ಇ ಒಂದು. ಸಾಕಲ್ಲ?” ಅವನಿಗೆ ಊರಿನಲ್ಲಿ ಹಳೆಯ ಖಾತೆ ಒಂದಿದೆ, ಅದರಿಂದ ಬೈಕಿನ ಕಂತು ಹೋಗುತ್ತದೆ. ಹಾಗಾಗಿ ಅದು ಎನ್‌ಆರ್‌ಒ ಆಗಬೇಕು. ವೀಸಾ ಕೈಗೆ ಬಂದಿರುವುದರಿಂದ ಇಲ್ಲೇ ಇದ್ದಾಗಲೇ ಎದುರಿಗೆ ಕೂತು ಫಾರ್ಮ್ ತುಂಬಿಬಿಡೋಣ ಅಂದೆ. ನಾಳೆ ಹತ್ತೂವರೆಗೆ ಶಾಖೆ ಹತ್ತಿರ ಬರುತ್ತಾನೆ. ಪಾಸ್‌ಪೋರ್ಟ್, ವೀಸಾ, ಪ್ಯಾನ್ ಮೂರರದೂ ಎರಡೆರಡು ಜೆರಾಕ್ಸ್ ತರಲು ಹೇಳಿದ್ದೇನೆ. ಒಂದೇ ತರುತ್ತಾನೆ, ನನಗೆ ಗೊತ್ತು.